ಇಂಜಿನ್ ಬಿಚ್ಚಿದ ಮೇಲೆ ಯಾವ ಹಳೇ ಪಾರ್ಟ್ ವಾಪಸ್ ಹಾಕ್ಬೋದು, ಯಾವುದು ಹಾಕ್ಲೇಬಾರ್ದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಬೈಕ್ ಇಂಜಿನ್ ಬಿಚ್ಚಾಗಿದೆ, ಮೆಕ್ಯಾನಿಕ್ ಉದ್ದ ಪಟ್ಟಿ ಬರ್ಕೊಟ್ಟಿದ್ದಾರೆ, ಕೈಯಲ್ಲಿರೋ ದುಡ್ಡು ಅದರ ಅರ್ಧಕ್ಕೂ ಸಾಲಲ್ಲ, ಹಳೇದ್ರಲ್ಲಿ ಏನನ್ನ ಉಳಿಸ್ಕೋಬೋದು ಅಂತ. ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದನ್ನೇ ತಗೊಂಡಿದ್ದೀನಿ. ಯಾವ ಪಾರ್ಟ್ ಬಗ್ಗೆ ಕೇಳಿದ್ರೂ ನಾನು ನೋಡೋದು ಎರಡು ವಿಷಯ. ಅಳತೆ ಏನು ಹೇಳುತ್ತೆ ಅನ್ನೋದು ಒಂದು, ಓಡ್ತಾ ಇರೋವಾಗ ಆ ಪಾರ್ಟ್ ಕೈಕೊಟ್ರೆ ತನ್ನ ಜೊತೆ ಇನ್ನೇನೇನು ಹಾಳು ಮಾಡುತ್ತೆ ಅನ್ನೋದು ಇನ್ನೊಂದು.

ಪ್ರಶ್ನೆ: ಸರ್, ನಮ್ಮ ತಂದೆ 1994ರಲ್ಲಿ ತಗೊಂಡ ಯಮಹಾ ಆರ್‌ಎಕ್ಸ್ 100 ಇದೆ. ಪಿಕಪ್ ಪೂರ್ತಿ ಹೋಗಿದೆ, ಕಿಕ್ ಒತ್ತಿದ್ರೆ ಲೂಸಾಗಿ ಕೆಳಗೆ ಹೋಗುತ್ತೆ, ಸ್ಟಾರ್ಟ್ ಮಾಡಿದ್ರೆ ಬ್ಲಾಕ್ ಹತ್ರ ಟಕಟಕ ಸೌಂಡ್. ಮೆಕ್ಯಾನಿಕ್ ಬೋರು, ಪಿಸ್ಟನ್, ಕನೆಕ್ಟಿಂಗ್ ರಾಡ್ ಕಿಟ್, ಬೇರಿಂಗು ಎಲ್ಲಾ ಆಗ್ಬೇಕು ಅಂತಿದ್ದಾರೆ. ಬರೀ ರಿಂಗ್ ಹಾಕ್ಸಿ ಒಂದೆರಡು ವರ್ಷ ಓಡಿಸೋಕಾಗಲ್ವಾ?
— ಹಾಸನದ ಓದುಗರು

ಉತ್ತರ: ಅದನ್ನ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ನಿಮ್ಮ ಬ್ಲಾಕೇ, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರೇ ಹೇಳ್ಬೇಕು. ನಮ್ಮೂರುಗಳ ಗ್ಯಾರೇಜಲ್ಲಿ ಒಳಗೆ ಬೆರಳಾಡಿಸಿ ಬೋರ್ (ಬ್ಲಾಕ್ ಒಳಗಿನ ದುಂಡು ತೂತು) ಸವೆದು ಹೋಗಿದೆ ಅಂತ ತೀರ್ಮಾನ ಮಾಡೋರೇ ಜಾಸ್ತಿ, ಬೋರ್ ಗೇಜ್ ಎಲ್ಲರ ಹತ್ರ ಇರಲ್ಲ, ಆದ್ರೆ ಒಂದು ಫೀಲರ್ ಗೇಜ್ (ಸಂದು ಅಳೆಯೋಕೆ ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು) ಇದ್ರೆ ಸಾಕು, ಅದು ಯಾವ ಟೂಲ್ಸ್ ಅಂಗಡಿಯಲ್ಲಾದ್ರೂ ಕಡಿಮೆ ದುಡ್ಡಿಗೆ ಸಿಗುತ್ತೆ, ಈ ಚೆಕ್ಕಿಂಗ್ ಮನೇಲೇ ಮಾಡ್ಬೋದು.

ಬ್ಲಾಕನ್ನ ಪೆಟ್ರೋಲಲ್ಲಿ ತೊಳೆದು ಒರೆಸಿ. ಪಿಸ್ಟನ್ನಿಂದ ಒಂದು ರಿಂಗ್ ಬಿಚ್ಚಿ, ಎರಡೂ ತುದಿನ ಹೆಬ್ಬೆರಳ ಉಗುರಲ್ಲಿ ಬೇಕಾದಷ್ಟೇ ಅಗಲಿಸಿ ಮೇಲಕ್ಕೆತ್ತಿ, ಜಾಸ್ತಿ ಎಳೆದ್ರೆ ಪಟ್ ಅಂತ ಮುರಿಯುತ್ತೆ. ಆ ರಿಂಗನ್ನ ಬ್ಲಾಕಿನ ಕೆಳಗಡೆ ಬಾಯಿಂದ ಒಳಗಿಟ್ಟು ಪಿಸ್ಟನ್ ತಲೆಯಿಂದ ಸ್ವಲ್ಪ ತಳ್ಳಿ, ಆಗ ಅದು ಸೊಟ್ಟ ಆಗದೆ ನೇರ ಕೂರುತ್ತೆ. ರಿಂಗ್ ಬಾಯಿ ಎಷ್ಟು ತೆರೆದಿದೆ ಅಂತ ಫೀಲರ್ ಎಲೆ ತೂರಿಸಿ ನೋಡಿ ಬರ್ಕೊಳ್ಳಿ. ಕೆಳಗಿನ ಆ ಜಾಗಕ್ಕೆ ಇಂಜಿನ್ ಓಡುವಾಗ ರಿಂಗ್ ಬರೋದೇ ಇಲ್ಲ, ಹಾಗಾಗಿ ಅಲ್ಲಿ ಸವೆತ ತೀರಾ ಕಡಿಮೆ. ಆಮೇಲೆ ಅದೇ ರಿಂಗನ್ನ ಮೇಲಿನ ಬಾಯಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ನೇರ ಕೂರಿಸಿ ಮತ್ತೆ ಅಳೀರಿ, ಬೋರ್ ಹೆಚ್ಚಾಗಿ ಸವೆಯೋದು ಅಲ್ಲೇ. ಎರಡು ಅಳತೆಗೆ ಇರೋ ವ್ಯತ್ಯಾಸನ ಮೂರರಿಂದ ಭಾಗಿಸಿ, ಬೋರ್ ಎಷ್ಟು ದೊಡ್ಡದಾಗಿದೆ ಅನ್ನೋದು ಸಿಕ್ಕಿಬಿಡುತ್ತೆ. ವ್ಯಾಸ ಹೆಚ್ಚಿದ್ರೆ ಸುತ್ತಳತೆ ಅದರ 3.14 ಪಟ್ಟು ಹೆಚ್ಚುತ್ತೆ, ಆ ಹೆಚ್ಚಿದ್ದೆಲ್ಲ ರಿಂಗ್ ಬಾಯಲ್ಲೇ ಬಂದು ಕಾಣುತ್ತೆ, ಅದಕ್ಕೇ ಈ ಲೆಕ್ಕ ನಡೆಯೋದು. ಕೆಳಗೆ 0.30 ಮಿಮೀ, ಮೇಲೆ 0.60 ಮಿಮೀ ಬಂತು ಅಂದ್ಕೊಳ್ಳಿ, ವ್ಯತ್ಯಾಸ 0.30, ಅಂದ್ರೆ ಬೋರ್ ಹತ್ತಿರ ಹತ್ತಿರ 0.10 ಮಿಮೀ ಸವೆದಿದೆ.

50 ಮಿಮೀ ಬೋರಿನ ಬಂಡಿಗೆ 0.10 ಅಂದ್ರೆ ಬೋರ್ ಮಾಡ್ಸೋದು (ಲೇತಲ್ಲಿ ಕೊರೆದು ದೊಡ್ಡದು ಮಾಡಿಸಿ ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕೋದು) ಬಿಟ್ಟು ಬೇರೆ ದಾರಿ ಇಲ್ಲ, ಅದ್ರಲ್ಲಿ ಹೊಸ ರಿಂಗ್ ಹಾಕಿದ್ರೆ ದುಡ್ಡು ದಂಡ. ವ್ಯತ್ಯಾಸ 0.10 ಮಿಮೀ ಒಳಗೇ ಬಂದ್ರೆ ಸವೆತ 0.03 ಅಷ್ಟೇ, ಗೆರೆ ಏನೂ ಬಿದ್ದಿಲ್ಲ ಅಂದ್ರೆ ಹೋನಿಂಗ್ ಮಾಡ್ಸಿ ರಿಂಗ್ ಹಾಕ್ಬೋದು. ಹೋನಿಂಗ್ ಬಿಡ್ಬೇಡಿ, ಓಡಿ ಓಡಿ ಬೋರ್ ಒಳಗೆ ಕನ್ನಡಿ ಥರ ನುಣುಪಾಗಿರುತ್ತೆ, ಅದರ ಮೇಲೆ ಹೊಸ ರಿಂಗ್ ಕಚ್ಕೊಳ್ಳಲ್ಲ, ಸಣ್ಣ ಅಡ್ಡಗೆರೆಗಳು ಬಿದ್ರೇನೇ ಎಣ್ಣೆ ನಿಲ್ಲೋದು, ರಿಂಗ್ ಸೆಟ್ ಆಗೋದು. ಇದರಲ್ಲಿ ಒಂದು ಕೊರತೆ ಇದೆ, ಬೋರ್ ಮೊಟ್ಟೆ ಆಕಾರಕ್ಕೆ ಹೋಗಿದ್ರೆ ರಿಂಗ್ ಬಾಯಿ ಅದನ್ನ ಹೇಳಲ್ಲ. ಅದಕ್ಕೆ ರಿಂಗ್ ಇಲ್ಲದ ಪಿಸ್ಟನ್ನನ್ನ ಬ್ಲಾಕಲ್ಲಿಟ್ಟು ಮುಂದೆ ಸೈಲೆನ್ಸರ್ ಕಡೆ, ಹಿಂದೆ ಕಾರ್ಬುರೇಟರ್ ಕಡೆ ಪಿಸ್ಟನ್ನಿಗೂ ಗೋಡೆಗೂ ಮಧ್ಯೆ ಉದ್ದದ ಫೀಲರ್ ಎಲೆ ಇಳಿಸಿ ನೋಡಿ. 0.10ರ ಎಲೆ ಸಲೀಸಾಗಿ ಇಳಿದ್ರೆ ನೀವು ಹೇಳಿರೋ ಟಕಟಕ ಸೌಂಡ್ ಅಲ್ಲಿಂದಲೇ ಬರ್ತಿದೆ.

ಹಳೇ ಪಿಸ್ಟನ್ ಉಳಿಸ್ಕೋಬೇಕಾದ್ರೆ ರಿಂಗ್ ಕೂರೋ ತೋಡು ನೋಡಿ, ಹೊಸ ರಿಂಗ್ ಅದ್ರಲ್ಲಿ ಮೇಲೆ ಕೆಳಗೆ ಕುಣಿದ್ರೆ ಆ ಪಿಸ್ಟನ್ ಆಯ್ತು ಅಂತ ತಿಳ್ಕೊಳ್ಳಿ. ನಿಮ್ಮ ಬಂಡಿ ಥರದ ಟೂ ಸ್ಟ್ರೋಕಲ್ಲಿ ರಿಂಗ್ ತಿರುಗದೆ ಇರ್ಲಿ ಅಂತ ತೋಡಿನೊಳಗೆ ಸಣ್ಣ ಪಿನ್ ಇರುತ್ತೆ, ಅದು ಸಡಿಲ ಇದ್ರೂ ಪಿಸ್ಟನ್ ಬಿಸಾಕಿ, ಆ ಪಿನ್ ಕಳಚ್ಕೊಂಡ್ರೆ ರಿಂಗ್ ತುದಿ ಪೋರ್ಟಿಗೆ (ಬೋರ್ ಗೋಡೇಲಿರೋ ಕಿಂಡಿಗೆ) ಸಿಕ್ಕಿ ಒಳಗೆಲ್ಲ ಚೂರು ಚೂರು.

ಕನೆಕ್ಟಿಂಗ್ ರಾಡ್ ಕಿಟ್ ಬೇಕೋ ಬೇಡ್ವೋ ಅನ್ನೋದಕ್ಕೆ, ಬ್ಲಾಕ್ ಬಿಚ್ಚಿರೋವಾಗ್ಲೇ ರಾಡನ್ನ ಮೇಲಕ್ಕೆ ತಂದು ನಿಲ್ಲಿಸಿ, ಕ್ರ್ಯಾಂಕ್ (ರಾಡ್ ತಿರುಗಿಸೋ ಮುಖ್ಯ ಶಾಫ್ಟ್) ತಿರುಗದ ಹಾಗೆ ಹಿಡ್ಕೊಂಡು, ರಾಡನ್ನ ನೇರ ಮೇಲಕ್ಕೆ ಎಳೆದು ಕೆಳಕ್ಕೆ ಒತ್ತಿ. ಅಕ್ಕಪಕ್ಕ ಸ್ವಲ್ಪ ಅಲ್ಲಾಡೋದು ಇರ್ಬೇಕಾದ್ದೇ, ಅದಕ್ಕೆ ಹೆದರ್ಬೇಡಿ. ಮೇಲೆ ಕೆಳಗೆ ಕೈಗೆ ಗೊತ್ತಾಗೋಷ್ಟು ಟಕ್ ಅಂದ್ರೆ ಮಾತ್ರ ಕಿಟ್ ಹಾಕ್ಲೇಬೇಕು. ಅದು ಚೆನ್ನಾಗಿದ್ದು, ಕ್ರ್ಯಾಂಕ್ ಬೇರಿಂಗ್ ಸದ್ದಿಲ್ಲದೆ ನುಣ್ಣಗೆ ತಿರುಗ್ತಿದ್ರೆ ಕೆಳಗಿನ ಇಂಜಿನ್ ಬಿಚ್ಚೋದೇ ಬೇಡ, ನಿಮ್ಮ ಬಿಲ್ಲಲ್ಲಿ ಅರ್ಧ ಅಲ್ಲೇ ಉಳಿಯುತ್ತೆ. ಬೋರ್ ಮಾಡ್ಸೋದೇ ಆದ್ರೆ ಪಿಸ್ಟನ್ ಮೊದ್ಲು ತಗೊಂಡು ಅದನ್ನ ಬ್ಲಾಕ್ ಜೊತೆ ಲೇತಿನವರ ಕೈಗೆ ಕೊಡಿ, ಪಿಸ್ಟನ್ ಅಳೆದು ಅದಕ್ಕೆ ಸರಿಯಾಗಿ ಬೋರ್ ಮಾಡ್ಲಿ, ಪೋರ್ಟುಗಳ ಅಂಚನ್ನ ಸ್ವಲ್ಪ ಸವರೋಕೆ ಮರೀದೆ ಹೇಳಿ, ಅಂಚು ಚೂಪಾಗೇ ಉಳಿದ್ರೆ ಹೊಸ ರಿಂಗನ್ನ ಕೆರೆದು ಹಾಕುತ್ತೆ.

ಪ್ರಶ್ನೆ: ಯೆಜ್ಡಿ ರೋಡ್‌ಕಿಂಗ್ ಇಂಜಿನ್ ಕೆಲಸಕ್ಕೆ ಕೈ ಹಾಕಿದ್ದೀನಿ. ಗೇರ್ ಆಯಿಲ್ ಹಾಕ್ದಷ್ಟೂ ಎಲ್ಲಿ ಹೋಗುತ್ತೋ ಗೊತ್ತಾಗ್ತಿಲ್ಲ, ಕೆಳಗೆ ಲೀಕ್ ಇಲ್ಲ, ಹೊಗೆ ಮಾತ್ರ ಸಿಕ್ಕಾಪಟ್ಟೆ. ಒರಿಜಿನಲ್ ಪಾರ್ಟ್ ಸಿಗೋದು ಕಷ್ಟ, ಮಾರ್ಕೆಟ್ಟಲ್ಲಿರೋದು ನಂಬೋಕಾಗಲ್ಲ. ಹಳೇದನ್ನೇ ಎಷ್ಟರ ಮಟ್ಟಿಗೆ ಬಳಸ್ಬೋದು?
— ಮೈಸೂರಿನ ಓದುಗರು

ಉತ್ತರ: ನಿಮ್ಮೂರಲ್ಲೇ ಹುಟ್ಟಿದ ಬಂಡಿ ಅದು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ ಮೇಲೆ ಹಳೇ ಯೆಜ್ಡಿ ಇಟ್ಕೊಂಡಿರೋ ಎಲ್ಲರಿಗೂ ಇದೇ ಪಾಡು, ಹಾಗಾಗಿ ಈ ಬಂಡಿ ವಿಷಯದಲ್ಲಿ ನನ್ನ ಮಾತು ಬೇರೆ ಬಂಡಿಗಳಿಗಿಂತ ಸ್ವಲ್ಪ ಬೇರೆನೇ. ಒರಿಜಿನಲ್ ಕ್ರ್ಯಾಂಕು, ಗೇರು, ಶಾಫ್ಟು, ಕ್ಲಚ್ ಡ್ರಮ್ಮು, ಇವು ಸ್ವಲ್ಪ ಸವೆದಿದ್ರೂ ಬಿಸಾಕ್ಬೇಡಿ. ಆ ಕಾಲದ ಗೇರಿನ ಕಬ್ಬಿಣಕ್ಕೆ ಕೊಟ್ಟಿರೋ ಹದ ಈಗ ಗೊತ್ತುಗುರಿ ಇಲ್ಲದ ಡಬ್ಬದಲ್ಲಿ ಬರೋ ಗೇರಿಗೆ ಇರಲ್ಲ, ಹೊಸದಾಗಿ ಹೊಳೆಯೋ ಡೂಪ್ಲಿಕೇಟ್ ಗೇರ್ ಹಾಕಿ ಒಂದೇ ವರ್ಷಕ್ಕೆ ಹಲ್ಲು ಉದುರಿಸ್ಕೊಂಡವರನ್ನ ನೋಡಿದ್ದೀನಿ.

ನಿಮ್ಮ ಗೇರ್ ಆಯಿಲ್ ಹೋಗ್ತಿರೋದು ಕ್ಲಚ್ ಕಡೆ ಕ್ರ್ಯಾಂಕ್ ಸೀಲ್ ದಾಟ್ಕೊಂಡು. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್ ಕೇಸು ಬರೀ ಡಬ್ಬ ಅಲ್ಲ, ಪಿಸ್ಟನ್ ಮೇಲೆ ಹೋದಾಗ ಎಳೆಯುತ್ತೆ, ಕೆಳಗೆ ಬಂದಾಗ ಒತ್ತುತ್ತೆ. ಕ್ಲಚ್ ಕಡೆ ಸೀಲ್ ಸವೆದ್ರೆ ಎಳೆಯೋವಾಗ ಗೇರ್ ಆಯಿಲ್ ಒಳಗೆ ಬಂದು ಪೆಟ್ರೋಲ್ ಜೊತೆ ಉರಿದು ಹೊಗೆಯಾಗಿ ಹೋಗುತ್ತೆ. ಮ್ಯಾಗ್ನೆಟ್ ಕಡೆ ಸೀಲ್ ಸವೆದ್ರೆ ಇನ್ನೂ ಅಪಾಯ, ಅಲ್ಲಿಂದ ಬರೋದು ಬರೀ ಗಾಳಿ, ಮಿಕ್ಸ್ಚರ್ ತೆಳ್ಳಗಾಗಿ ಇಂಜಿನ್ ಕಾದು ಪಿಸ್ಟನ್ ಹಿಡ್ಕೊಳ್ಳುತ್ತೆ, ಎಕ್ಸಲೇಟರ್ ಬಿಟ್ರೂ ಇಂಜಿನ್ ಸದ್ದು ಕೆಳಗೆ ಇಳಿಯದೆ ನಿಂತ್ರೆ ಅದೇ ಲಕ್ಷಣ. ಸೀಲ್ ವಿಷಯದಲ್ಲಿ ಉಳಿತಾಯದ ಮಾತೇ ಬೇಡ, ಎರಡೂ ಕಡೆ ಹೊಸದು ಹಾಕಿ. ಹಾಕೋ ಮುಂಚೆ ಶಾಫ್ಟ್ ಮೇಲೆ ಸೀಲ್ ತುಟಿ ಕೂರೋ ಜಾಗಕ್ಕೆ ಉಗುರು ಎಳೆದು ನೋಡಿ, ಉಗುರು ಸಿಕ್ಕೋಷ್ಟು ತೋಡು ಬಿದ್ದಿದ್ರೆ ಹೊಸ ಸೀಲೂ ನಿಲ್ಲಲ್ಲ. ಆಗ ಸೀಲನ್ನ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸೋಕೆ ಜಾಗ ಇದ್ರೆ ತುಟಿ ಹೊಸ ಜಾಗದಲ್ಲಿ ಬೀಳೋ ಹಾಗೆ ಕೂರಿಸ್ಬೋದು, ಹೊಸ ಶಾಫ್ಟ್ ಹುಡುಕೋದು ತಪ್ಪುತ್ತೆ.

ಕ್ರ್ಯಾಂಕ್ ಬಿಚ್ಚಿಸಿ ರಾಡ್ ಕಿಟ್ ಹಾಕಿಸಿದ್ರೆ ಎರಡೂ ತುದಿ ಸೆಂಟರಲ್ಲಿಟ್ಟು ಡಯಲ್ ಗೇಜಲ್ಲಿ (ಸೊಟ್ಟ ಎಷ್ಟಿದೆ ಅಂತ ಮುಳ್ಳಲ್ಲಿ ತೋರಿಸೋ ಗೇಜು) ನೇರ ಮಾಡಿರೋದನ್ನ ಎದುರಿಗೆ ನಿಂತು ನೋಡಿ, 0.05 ಮಿಮೀ ದಾಟಿ ಮುಳ್ಳು ಆಡಿದ್ರೆ ತಗೋಬೇಡಿ, ಅಲ್ಲೇ ಸರಿ ಮಾಡಿಸ್ಕೊಳ್ಳಿ. ಆಡೋ ಕ್ರ್ಯಾಂಕು ಹೊಸ ಬೇರಿಂಗು, ಹೊಸ ಸೀಲು ಎರಡನ್ನೂ ಬೇಗ ತಿಂದು ಹಾಕುತ್ತೆ. ರನ್ನಿಂಗ್ ಇನ್ ಟೈಮಲ್ಲಿ, ಅಂದ್ರೆ ಹೊಸ ಪಾರ್ಟ್ ಹೊಂದ್ಕೊಳ್ಳೋ ಮೊದಮೊದಲ ಓಟದಲ್ಲಿ, ಲೀಟರ್ ಪೆಟ್ರೋಲಿಗೆ 40ರಿಂದ 50 ಎಂಎಲ್ ಟೂ-ಟಿ ಆಯಿಲ್ ಹಾಕಿ.

ಪ್ರಶ್ನೆ: ಅಣ್ಣಾ, ಸ್ಪ್ಲೆಂಡರಲ್ಲಿ ಡೆಲಿವರಿ ಕೆಲಸ ಮಾಡ್ತೀನಿ, ದಿನಾ ಬಂಡಿ ಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬುಸ್ ಅಂತ ಬಂದು ಆಮೇಲೆ ನಿಂತು ಹೋಗುತ್ತೆ. ಒಬ್ರು ಬ್ಲಾಕ್ ಕಿಟ್ ಹಾಕ್ಸು ಅಂತಾರೆ, ಇನ್ನೊಬ್ರು ಹೆಡ್ ಕೆಲಸ ಸಾಕು ಅಂತಾರೆ. ಎರಡನ್ನೂ ಮಾಡ್ಸೋ ಶಕ್ತಿ ಇಲ್ಲ.
— ಬೆಂಗಳೂರು, ಪೀಣ್ಯದಿಂದ

ಉತ್ತರ: ತಮ್ಮಾ, ನೀನು ಹೇಳ್ತಿರೋ ಲಕ್ಷಣಕ್ಕೆ ಹೆಡ್ ಕೆಲಸ ಅಂದೋರ ಮಾತೇ ಸರಿ ಕಾಣುತ್ತೆ. ರಾತ್ರಿಯೆಲ್ಲ ನಿಂತಿದ್ದಾಗ ಹೆಡ್ಡಲ್ಲಿ (ಬ್ಲಾಕ್ ತುದೀಲಿ ವಾಲ್ವ್ ಕೂರೋ ಭಾಗ) ಇರೋ ಎಣ್ಣೆ ವಾಲ್ವ್ ಸೀಲ್ ದಾಟಿ ಹನಿ ಹನಿ ಒಳಗೆ ಇಳಿದಿರುತ್ತೆ, ಬೆಳಗ್ಗೆ ಮೊದಲ ಸ್ಟಾರ್ಟಿಗೆ ಅದು ಉರಿದು ಹೋಗುತ್ತೆ, ಆಮೇಲೆ ಹೊಗೆ ನಿಲ್ಲುತ್ತೆ. ಬೋರು ರಿಂಗು ಹೋಗಿದ್ರೆ ಹೊಗೆ ನಿಲ್ಲೋದೇ ಇಲ್ಲ, ಫ್ಲೈಓವರ್ ಹತ್ತುವಾಗ ಎಕ್ಸಲೇಟರ್ ಕೊಟ್ಟಷ್ಟೂ ಜಾಸ್ತಿ ಬರುತ್ತೆ. ಪ್ಲಗ್ ತೂತಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಕಂಪ್ರೆಷನ್ ಏರುತ್ತಾ ನೋಡು ಅಂತ ಯಾರಾದ್ರೂ ಹೇಳ್ಬೋದು, ನೆಟ್ಟಗೆ ನಿಂತ ಇಂಜಿನ್‌ಗಳಿಗೆ ಅದು ಒಳ್ಳೇ ಪರೀಕ್ಷೆ, ಆದ್ರೆ ಸ್ಪ್ಲೆಂಡರ್ ಬ್ಲಾಕ್ ಮುಂದಕ್ಕೆ ಮಲಗಿರೋದ್ರಿಂದ ಎಣ್ಣೆ ಒಂದೇ ಬದಿಗೆ ನಿಲ್ಲುತ್ತೆ, ರಿಂಗ್ ಸುತ್ತ ಹರಡಲ್ಲ, ಅದನ್ನ ನಂಬಿ ದುಡ್ಡು ಖರ್ಚು ಮಾಡ್ಬೇಡ.

ಹೆಡ್ ಬಿಚ್ಚಿದಾಗ ಹಳೇ ವಾಲ್ವ್ ಉಳಿಸ್ಬೋದಾ ಅಂತ ಹೀಗೆ ನೋಡು. ವಾಲ್ವ್ ಕಡ್ಡಿ ಒರೆಸಿ ಗೈಡಲ್ಲಿ (ಕಡ್ಡಿ ಓಡಾಡೋ ಕೊಳವೆ) ಹಾಕಿ, ತಲೆ ಹಿಡಿದು ಅಕ್ಕಪಕ್ಕ ಅಲ್ಲಾಡಿಸು, ಕಣ್ಣಿಗೆ ಕಾಣೋಷ್ಟು ಕುಣಿದ್ರೆ ಗೈಡ್ ಸವೆದಿದೆ, ಹಾಗಿದ್ದಾಗ ಹೊಸ ಸೀಲ್ ಹಾಕಿದ್ರೂ ಕಡ್ಡಿ ಕುಣಿತಕ್ಕೆ ಅದು ಬೇಗ ಹೋಗುತ್ತೆ, ಗೈಡೇ ಬದಲಾಯಿಸ್ಬೇಕು. ಕುಣೀದಿದ್ರೆ, ವಾಲ್ವ್ ಅಂಚು ಸುಟ್ಟು ಚೂರು ಹೋಗಿಲ್ಲ ಅಂದ್ರೆ, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಸೀಟ್ ಮೇಲೆ ಉಜ್ಜಿ ಕೂರಿಸು. ಸುತ್ತಲೂ ಒಂದೇ ಅಗಲದ, ಹೊಳಪಿಲ್ಲದ ಬೂದಿ ಬಣ್ಣದ ಗೆರೆ ಬರ್ಬೇಕು, ಒಂದು ಮಿಲಿಮೀಟರ್ ಅಥವಾ ಸ್ವಲ್ಪ ಜಾಸ್ತಿ, ಒಂದೂವರೆ ದಾಟಿ ಅಗಲ ಆಗಿದ್ರೆ ಸೀಟ್ ಕಟ್ ಮಾಡಿಸ್ಬೇಕು. ಆಮೇಲೆ ಪೇಸ್ಟಿನ ಒಂದು ಕಣನೂ ಉಳೀದ ಹಾಗೆ ತೊಳೆದು, ಸ್ಪ್ರಿಂಗ್ ಸಮೇತ ವಾಲ್ವ್ ಜೋಡಿಸಿ, ಹೆಡ್ಡನ್ನ ಓರೆ ಹಿಡಿದು ಪೋರ್ಟ್ ಒಳಗೆ ಪೆಟ್ರೋಲ್ ತುಂಬಿಸಿ ಹಾಗೇ ಬಿಡು. ಐದು ನಿಮಿಷ ಆದ್ರೂ ವಾಲ್ವ್ ಅಂಚಲ್ಲಿ ಪಸೆ ಕಾಣದಿದ್ರೆ ಆ ಹಳೇ ವಾಲ್ವ್ ಇನ್ನೂ ಬಾಳುತ್ತೆ. ವಾಲ್ವ್ ಸೀಲು, ಹೆಡ್ ಗ್ಯಾಸ್ಕೆಟ್ಟು ಹೊಸದೇ ಆಗ್ಬೇಕು.

ವಾಲ್ವನ್ನ ತೆರೆಸೋ ಕ್ಯಾಮ್ ಮತ್ತೆ ರಾಕರ್ ನೋಡೋವಾಗ ಎರಡನ್ನೂ ಒಟ್ಟಿಗೇ ನೋಡು. ಕ್ಯಾಮ್ ಮೂಗಲ್ಲಿ ಗುಳಿ ಬಿದ್ದು ಪೊರೆ ಎದ್ದಿದ್ರೆ ಅದರ ಮೇಲೆ ಹೊಸ ರಾಕರ್ ಹಾಕಿದ್ರೆ ಕೆಲವೇ ದಿನದಲ್ಲಿ ಅದೂ ಹಾಳು. ಎರಡೂ ನುಣ್ಣಗಿದ್ರೆ ಎರಡೂ ಉಳೀಲಿ, ಒಂದು ಹೋಗಿದ್ರೆ ಎರಡೂ ಹೋಗ್ಲಿ. ಟೈಮಿಂಗ್ ಚೈನ್ ಸೌಂಡ್ ಇದ್ರೆ ಚೈನ್ ತಗೊಳ್ಳೋ ಮುಂಚೆ ರಬ್ಬರ್ ರೋಲರ್ ನೋಡು, ಎಷ್ಟೋ ಸಲ ಅದೊಂದು ಬದಲಾಯಿಸಿದ್ರೆ ಸೌಂಡ್ ನಿಲ್ಲುತ್ತೆ. ಕ್ಲಚ್ ಕವರ್ ಬಿಚ್ಚಿದ್ರೆ ಕ್ರ್ಯಾಂಕ್ ತುದೀಲಿರೋ ತಿರುಗೋ ಫಿಲ್ಟರ್ ಬಟ್ಟಲಲ್ಲಿ ವರ್ಷಗಟ್ಟಲೆ ಕೆಸರು ಹಪ್ಪಳ ಕಟ್ಟಿರುತ್ತೆ, ಕೆರೆದು ತೊಳಿ, ಇದಕ್ಕೆ ಕಾಸು ಖರ್ಚಿಲ್ಲ. ಟ್ಯಾಪೆಟ್ ಗ್ಯಾಪ್ (ರಾಕರಿಗೂ ವಾಲ್ವಿಗೂ ಮಧ್ಯದ ಸಂದು) ಇಂಜಿನ್ ತಣ್ಣಗಿರೋವಾಗ 0.05 ಮಿಮೀ ಇಡು.

ಪ್ರಶ್ನೆ: ನಾನು ಐಟಿಐ ವಿದ್ಯಾರ್ಥಿ. ಹಳೇ ಬೇರಿಂಗ್ ಮತ್ತೆ ಹಾಕ್ಬೋದಾ ಅಂತ ಖಚಿತವಾಗಿ ಹೇಗೆ ತಿಳ್ಕೊಳ್ಳೋದು ಸರ್?
— ದಾವಣಗೆರೆ

ಉತ್ತರ: ಮೊದ್ಲು ಅದನ್ನ ಹೇಗೆ ತೆಗೆದ್ರಿ ಅಂತ ಕೇಳ್ತೀನಿ. ಕೇಸಲ್ಲಿ ಬಿಗಿಯಾಗಿ ಕೂತಿರೋ ಬೇರಿಂಗನ್ನ ಒಳಗಿನ ರಿಂಗಿಗೆ ಸುತ್ತಿಗೆ ಕೊಟ್ಟು ಹೊಡೆದು ತೆಗೆದಿದ್ರೆ ಆ ಏಟೆಲ್ಲ ಗುಂಡುಗಳ ಮೂಲಕ ಹೋಗಿ ಓಡೋ ದಾರೀಲಿ ಕಣ್ಣಿಗೆ ಕಾಣದ ಗುಳಿ ಬಿದ್ದಿರುತ್ತೆ, ಅದು ಎಷ್ಟೇ ಚೆನ್ನಾಗಿ ಕಂಡ್ರೂ ವಾಪಸ್ ಹಾಕ್ಬೇಡಿ. ಉಳಿಸ್ಕೋಬೇಕು ಅನ್ನೋ ಆಸೆ ಇದ್ರೆ ಕೇಸನ್ನ ಬಿಸಿ ಮಾಡಿ, ನೀರು ಚಿಮುಕಿಸಿದ್ರೆ ಚುಯ್ ಅನ್ನೋಷ್ಟು ಬಿಸಿ ಸಾಕು, ಅಲ್ಯೂಮಿನಿಯಂ ಕೇಸ್ ಹಿಗ್ಗಿ ಬೇರಿಂಗ್ ತಾನಾಗೇ ಬಿಡುತ್ತೆ. ಕೇಸಿಗೆ ಅಂಟಿರೋ ಪೆಟ್ರೋಲು ಎಣ್ಣೆ ಎಲ್ಲ ತೊಳೆದು ಒಣಗಿಸಿದ ಮೇಲೇ ಬಿಸಿ ಮಾಡೋದು.

ಆಮೇಲೆ ಸೀಮೆಎಣ್ಣೆ ಅಥವಾ ಡೀಸೆಲಲ್ಲಿ ತೊಳೆದು ಒಣಗಿಸಿ, ಒಂದು ಹನಿ ತೆಳು ಎಣ್ಣೆ ಬಿಟ್ಟು ಕೈಯಲ್ಲಿ ನಿಧಾನ ತಿರುಗಿಸಿ. ಏರ್ ಹೊಡೆದು ಗಿರಗಿರ ತಿರುಗಿಸೋ ಚಟ ವರ್ಕ್‌ಶಾಪಲ್ಲಿ ಎಲ್ಲರಿಗೂ ಇದೆ, ಎಣ್ಣೆ ಇಲ್ಲದೆ ಆ ವೇಗದಲ್ಲಿ ತಿರುಗಿದ್ರೆ ಒಳ್ಳೇದೂ ಕೆಡುತ್ತೆ, ಕೈತಪ್ಪಿದ್ರೆ ಹಾರಿ ಕಣ್ಣಿಗೂ ಬೀಳುತ್ತೆ. ಮರಳು ಸಿಕ್ಕ ಹಾಗೆ ಕರಕರ ಅಂದ್ರೆ, ಒಂದೊಂದು ಕಡೆ ತಡೆದು ತಡೆದು ಹೋದ್ರೆ, ಗುಂಡು ಓಡೋ ದಾರೀಲಿ ಚುಕ್ಕೆ ಇದ್ರೆ, ನೀಲಿ ಬಣ್ಣ ಬಂದಿದ್ರೆ ಬಿಸಾಕಿ. ನನ್ನ ಅಭಿಪ್ರಾಯ ಕೇಳಿದ್ರೆ ಗೇರ್ ಬಾಕ್ಸ್ ಬೇರಿಂಗ್ ಚೆನ್ನಾಗಿದ್ರೆ ವಾಪಸ್ ಹಾಕ್ಬೋದು, ಕ್ರ್ಯಾಂಕ್ ಬೇರಿಂಗನ್ನ ಮಾತ್ರ ಒಂದ್ಸಲ ತೆಗೆದ ಮೇಲೆ ಹೊಸದೇ ಹಾಕಿ, ಅದಕ್ಕೋಸ್ಕರ ಮತ್ತೆ ಪೂರ್ತಿ ಇಂಜಿನ್ ಬಿಚ್ಚೋ ಕೂಲಿ ನೆನೆಸ್ಕೊಳ್ಳಿ.

ಬೇರಿಂಗ್ ಮೇಲಿರೋ ನಂಬರ್ ಓದೋದು ಕಲೀರಿ, ಅಲ್ಲಿ ತುಂಬ ಉಳಿಯುತ್ತೆ. 6204 ಅಂತಿದ್ರೆ ಕೊನೇ ಎರಡಂಕೆನ ಐದರಿಂದ ಗುಣಿಸಿ, ಒಳ ವ್ಯಾಸ 20 ಮಿಮೀ, 6205 ಅಂದ್ರೆ 25 ಮಿಮೀ. ಈ ನಂಬರ್ ಇಟ್ಕೊಂಡು ಬೇರಿಂಗ್ ಅಂಗಡಿಗೇ ಹೋದ್ರೆ ಬೈಕ್ ಕಂಪನಿ ಪ್ಯಾಕಿಂಗ್ ದುಡ್ಡು ಕೊಡದೆ ಒಳ್ಳೇ ಮೇಕಿನದೇ ಸಿಗುತ್ತೆ. ಕ್ರ್ಯಾಂಕಿಗೆ ತಗೊಳ್ಳೋವಾಗ ಹಳೇದ್ರ ಮೇಲೆ ನಂಬರ್ ಪಕ್ಕ ಸಿ3 ಅಂತ ಇದೆಯಾ ನೋಡಿ, ಇದ್ರೆ ಹೊಸದ್ರ ಮೇಲೂ ಇರ್ಲೇಬೇಕು, ಬಿಸಿಗೆ ಹಿಗ್ಗೋಕೆ ಬೇಕಾದ ಸಡಿಲ ಅದ್ರಲ್ಲಿ ಜಾಸ್ತಿ ಬಿಟ್ಟಿರ್ತಾರೆ. ಬೇರಿಂಗ್ ಕೂರೋ ಜಾಗವೇ ಸಡಿಲ ಆಗಿದೆ ಅಂತ ಕೇಸಿಗೆ ಪಂಚ್ ಚುಕ್ಕೆ ಹೊಡೆದು ಬಿಗಿ ಮಾಡೋದು ದಯವಿಟ್ಟು ಬೇಡ, ಬೇರಿಂಗ್ ಆ ಚುಕ್ಕೆಗಳ ಮೇಲೆ ಮಾತ್ರ ನಿಂತು ಸೊಟ್ಟ ಆಗುತ್ತೆ, ಒಳ್ಳೇ ಟರ್ನರ್ ಹತ್ರ ಬುಷ್ (ಒಳಗೆ ಕೂರಿಸೋ ಲೋಹದ ಬಳೆ) ಹಾಕಿಸಿ.

ಪ್ರಶ್ನೆ: ನಮಸ್ಕಾರ್ರೀ. ಗುಜರಿಯೊಳಗ ಅದೇ ಬಂಡಿದು ಗೇರ್ ಸೆಟ್ ಸಿಗಾಕತ್ತೈತಿ, ಅರ್ಧ ಕೇಸೂ ಐತಿ. ನಮ್ದು ಮೂರನೇ ಗೇರ್ ಬಿದ್ದ ಬಿದ್ದ ಹೊರಗ ಬರತೈತ್ರೀ. ಸೆಕೆಂಡ್ ಹ್ಯಾಂಡ್ ತಗೊಂಡ್ರ ನಡೀತೈತೇನ್ರಿ?
— ಹುಬ್ಬಳ್ಳಿಯಿಂದ

ಉತ್ತರ: ಗೇರ್ ತಗೋಬೋದು, ಒಂದೊಂದು ಬಿಡಿಯಾಗಿ ಬೇಡ. ಎದುರು ಬದುರು ಓಡೋ ಎರಡು ಗೇರು ವರ್ಷಗಟ್ಟಲೆ ಒಂದರ ಮೈ ಇನ್ನೊಂದಕ್ಕೆ ಹೊಂದ್ಕೊಂಡು ಸವೆದಿರ್ತವೆ, ಬೇರೆ ಬಂಡಿಯ ಒಂದು ಗೇರ್ ತಂದು ನಿಮ್ಮ ಹಳೇದಕ್ಕೆ ಜೋಡಿಸಿದ್ರೆ ಕುಂಯ್ ಅಂತ ಕೂಗುತ್ತೆ, ಇಬ್ರೂ ಬೇಗ ಹಾಳಾಗ್ತಾರೆ. ಜೋಡಿಯಾಗಿ ತಗೊಳ್ಳಿ. ನಿಮ್ದು ಗೇರ್ ಹೊರಗೆ ಬರೋದಕ್ಕೆ ಗೇರ್ ಹಲ್ಲು ಕಾರಣ ಆಗಿರೋದು ಕಡಿಮೆ, ಪಕ್ಕದಲ್ಲಿ ಒಂದಕ್ಕೊಂದು ಕಚ್ಕೊಳ್ಳೋ ದಪ್ಪ ಗುಬಟುಗಳ ಮೂಲೆ ಉರುಟಾಗಿರುತ್ತೆ, ಇಲ್ಲಾಂದ್ರೆ ಗೇರನ್ನ ಅತ್ತಿತ್ತ ಸರಿಸೋ ಗೇರ್ ಫೋರ್ಕ್ ತುದಿ ಸವೆದು ಬಾಗಿರುತ್ತೆ. ಫೋರ್ಕ್ ಒಂದೇ ಆಗಿದ್ರೆ ಅದನ್ನಷ್ಟೇ ಬದಲಾಯಿಸಿ. ಗುಜರಿಯಲ್ಲಿ ಗೇರ್ ನೋಡೋವಾಗ್ಲೂ ಆ ಗುಬಟುಗಳ ಮೂಲೆ ಚೂಪಾಗಿದೆಯಾ, ಹಲ್ಲಿನ ಮೇಲೆ ಗುಳಿ ಬಿದ್ದಿದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ ತಗೊಳ್ಳಿ.

ಅರ್ಧ ಕೇಸ್ ಮಾತ್ರ ಬೇಡ್ವೇ ಬೇಡ. ಎರಡು ಅರ್ಧನೂ ಫ್ಯಾಕ್ಟರಿಯಲ್ಲಿ ಒಟ್ಟಿಗೆ ಜೋಡಿಸಿ ಬೋರ್ ಮಾಡಿರ್ತಾರೆ, ಬೇರೆ ಬೇರೆ ಬಂಡಿಯ ಅರ್ಧಗಳು ಸೇರಿದ್ರೆ ಕ್ರ್ಯಾಂಕ್ ನೇರ ನಿಲ್ಲಲ್ಲ. ಇನ್ನೊಂದು, ಇಂಜಿನ್ ನಂಬರ್ ಇರೋದು ಕೇಸ್ ಮೇಲೇ, ಅದು ನಿಮ್ಮ ಆರ್‌ಸಿಗೆ ತಾಳೆ ಆಗ್ಬೇಕು. ನಂಬರ್ ಉಜ್ಜಿರೋ ಕೇಸು ಎಷ್ಟು ಕಡಿಮೆಗೆ ಕೊಟ್ರೂ ಮುಟ್ಬೇಡಿ, ಕದ್ದ ಬಂಡಿದಾಗಿದ್ರೆ ನೀವು ಸ್ಟೇಷನ್ ಮೆಟ್ಟಿಲು ಹತ್ಬೇಕಾಗುತ್ತೆ. ಪೂರ್ತಿ ಕೇಸ್ ಬದಲಾಯಿಸ್ಲೇಬೇಕಾದ ಪರಿಸ್ಥಿತಿ ಬಂದ್ರೆ ಬಿಲ್ ಇಟ್ಕೊಂಡು ಆರ್‌ಟಿಒದಲ್ಲಿ ಬರೆಸಿ.

ಪ್ರಶ್ನೆ: ಮಾವನವರ ಹಳೇ ಕಾಸ್ಟ್ ಐರನ್ ಬುಲೆಟ್ 350 ನಾನೇ ಬಿಚ್ಚಿ ಕಟ್ಟೋಣ ಅಂತಿದ್ದೀನಿ. ಪಾರ್ಟುಗಳಿಗೆ ಜಾಸ್ತಿ ಖರ್ಚು ಮಾಡೋ ಹಾಗಿಲ್ಲ, ಆದ್ರೆ ಇವು ಮಾತ್ರ ಹೊಸದೇ ಹಾಕು ಅನ್ನೋದು ಯಾವುದು ಹೇಳಿ ಸರ್.
— ಚಿಕ್ಕಮಗಳೂರಿನ ಓದುಗಿ

ಉತ್ತರ: ಮೇಡಂ, ಬಿಚ್ಚೋಕೆ ಮುಂಚೆ ಹಳೇ ಮೊಟ್ಟೆ ಟ್ರೇ, ಜಿಪ್ ಕವರು, ಮಾರ್ಕರ್ ಪೆನ್ನು ರೆಡಿ ಇಟ್ಕೊಳ್ಳಿ. ಪುಷ್ ರಾಡು, ಟ್ಯಾಪೆಟ್ಟು, ರಾಕರ್ರು, ಇವೆಲ್ಲ ಇಂಟೇಕ್ ಯಾವುದು ಎಕ್ಸಾಸ್ಟ್ ಯಾವುದು ಅಂತ ಬರೆದು ಬೇರೆ ಬೇರೆ ಇಡಿ, ಹಳೇ ಪಾರ್ಟ್ ಹಳೇ ಜಾಗಕ್ಕೇ ವಾಪಸ್ ಹೋದ್ರೆ ಸವೆದಿದ್ರೂ ತೊಂದ್ರೆ ಇಲ್ದೆ ಓಡುತ್ತೆ, ಅದಲು ಬದಲಾದ್ರೆ ಹೊಂದ್ಕೊಂಡಿರೋ ಮೈಗಳು ತಪ್ಪಿ ಹೊಸದಾಗಿ ಸವೆಯೋಕೆ ಶುರು.

ಹೊಸದೇ ಹಾಕ್ಬೇಕಾದ್ರಲ್ಲಿ ಮೊದಲನೇದು ಗಜನ್ ಪಿನ್ (ಪಿಸ್ಟನ್ನನ್ನ ರಾಡಿಗೆ ಸೇರಿಸೋ ಪಿನ್) ಲಾಕು, ಪಿಸ್ಟನ್ ಎರಡೂ ಬದಿ ಇರೋ ಸಣ್ಣ ತಂತಿ ಉಂಗುರ. ಇಡೀ ಇಂಜಿನ್‌ನಲ್ಲಿ ತೀರಾ ಅಗ್ಗದ ಪಾರ್ಟುಗಳಲ್ಲಿ ಅದೂ ಒಂದು, ಒಂದ್ಸಲ ಅದುಮಿ ತೆಗೆದ್ರೆ ಅದರ ಬಿಗಿ ಹೋಗುತ್ತೆ, ಓಡೋವಾಗ ಕಳಚ್ಕೊಂಡ್ರೆ ಪಿನ್ ಬದಿಗೆ ಸರಿದು ಬ್ಲಾಕ್ ಉದ್ದಕ್ಕೂ ಕಾಲುವೆ ತೆಗೆಯುತ್ತೆ. ಆಮೇಲೆ ಆಯಿಲ್ ಸೀಲು, ಪೇಪರ್ ಗ್ಯಾಸ್ಕೆಟ್ಟು, ಮಡಚಿ ಲಾಕ್ ಮಾಡೋ ವಾಷರು. ಗ್ಯಾಸ್ಕೆಟ್ ಪೇಪರ್ ಶೀಟ್ ತಂದು ಕೇಸ್ ಅಂಚಿಗಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೀವೇ ಕತ್ತರಿಸ್ಕೋಬೋದು, ದಪ್ಪ ಮಾತ್ರ ಹಳೇದ್ರಷ್ಟೇ ಇರ್ಲಿ. ತಾಮ್ರದ ವಾಷರ್‌ಗಳನ್ನ ಬಿಸಾಕ್ಬೇಡಿ, ಗ್ಯಾಸ್ ಒಲೇಲಿ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆತ್ತಗಾಗುತ್ತೆ, ಸಣ್ಣ ಎಮೆರಿ ಪೇಪರಲ್ಲಿ ಉಜ್ಜಿ ವಾಪಸ್ ಹಾಕಿ, ಹೊಸದ್ರ ಹಾಗೇ ಸೀಲ್ ಆಗುತ್ತೆ.

ನಿಮ್ಮ ಕಾಲದ ಬುಲೆಟ್‌ಗಳಲ್ಲಿ ರಾಡ್ ಕೆಳಗೆ ರೋಲರ್ ಇರಲ್ಲ, ಫ್ಲೋಟಿಂಗ್ ಬುಷ್ ಇರುತ್ತೆ, ಎಣ್ಣೆ ಪೊರೆ ಮೇಲೇ ತೇಲ್ತಾ ತಿರುಗೋದು ಅದು. ಆರ್‌ಎಕ್ಸ್‌ಗೆ ಹೇಳಿದ ಹಾಗೇ ಮೇಲೆ ಕೆಳಗೆ ಎಳೆದು ನೋಡಿ, ಟಕ್ ಅನ್ನದಿದ್ರೆ ಮುಟ್ಬೇಡಿ, ಚೆನ್ನಾಗಿರೋ ಕ್ರ್ಯಾಂಕನ್ನ ಸುಮ್ನೆ ಬಿಚ್ಚಿಸಿ ಕೆಡಿಸ್ಕೊಂಡವರು ತುಂಬ ಜನ. ಅದರ ಬದಲು ಆಯಿಲ್ ಪಂಪು, ಕೇಸಲ್ಲಿರೋ ಎಣ್ಣೆ ದಾರಿ, ಎಣ್ಣೆ ನಿಲ್ಲೋ ಭಾಗ ಇವನ್ನ ಪೂರ್ತಿ ಕ್ಲೀನ್ ಮಾಡೋಕೆ ಒಂದು ಭಾನುವಾರ ಇಡಿ. ಆ ಬುಷ್ ಉಳಿಯೋದು ಎಣ್ಣೆಯಿಂದ.

ಪ್ರಶ್ನೆ: ಹಳೇ ಪಾರ್ಟ್ ಹಾಕಿದ್ರೆ ಗ್ಯಾರಂಟಿ ಕೊಡಲ್ಲ ಅಂತಾರೆ ಮೆಕ್ಯಾನಿಕ್. ಅವರಿಗೆ ಹೇಗೆ ಹೇಳೋದು?
— ಪುತ್ತೂರು

ಉತ್ತರ: ಅವರ ಮಾತಲ್ಲೂ ನ್ಯಾಯ ಉಂಟು. ನೀವು ಉಳಿಸಿದ ಸಾವಿರ ರೂಪಾಯಿ ಪಾರ್ಟಿಂದ ಇಂಜಿನ್ ಮತ್ತೆ ಬಿಚ್ಚಬೇಕಾಗಿ ಬಂದ್ರೆ ಜನ ಬಯ್ಯೋದು ಮೆಕ್ಯಾನಿಕ್‌ನ. ಹಾಗಾಗಿ ಮೊದಲೇ ಪಟ್ಟಿನ ಎರಡು ಭಾಗ ಮಾಡಿಸಿ: ಬದಲಾಯಿಸಲೇಬೇಕಾದ್ದು ಒಂದು ಕಡೆ, ಅಳತೆ ನೋಡಿ ತೀರ್ಮಾನ ಮಾಡೋದು ಇನ್ನೊಂದು ಕಡೆ. ಎರಡನೇದ್ರಲ್ಲಿ ಯಾವುದನ್ನ ನಿಮ್ಮ ಒಪ್ಪಿಗೆ ಮೇಲೆ ಹಳೇದೇ ಹಾಕಿದ್ರು ಅಂತ ಬಿಲ್ಲಲ್ಲೇ ಬರೆಸಿ, ಆಗ ನಾಳೆ ಇಬ್ಬರಿಗೂ ಜಗಳ ಇಲ್ಲ. ತೆಗೆದ ಪಾರ್ಟುಗಳನ್ನ ಒಂದು ಚೀಲದಲ್ಲಿ ವಾಪಸ್ ಕೇಳಿ ತಗೊಳ್ಳಿ. ಅಳೆದು ತೋರಿಸಿ ಅಂದಾಗ ಮುಖ ಸಿಂಡರಿಸದೆ ತೋರಿಸೋ ಮೆಕ್ಯಾನಿಕ್ ಸಿಕ್ಕಿದ್ರೆ ಕೂಲಿ ನೂರಿನ್ನೂರು ಜಾಸ್ತಿ ಕೇಳಿದ್ರೂ ಚೌಕಾಸಿ ಮಾಡ್ಬೇಡಿ, ಅವರು ನಿಮಗೆ ಉಳಿಸಿಕೊಡೋದು ಅದಕ್ಕಿಂತ ಎಷ್ಟೋ ಹೆಚ್ಚು.

ಪ್ರಶ್ನೆ: ಆರ್‌ಎಕ್ಸ್ 100ಗೆ ಹೇಗೂ ಬೋರ್ ಮಾಡಿಸ್ತಿದ್ದೀನಿ, ಒಂದೇ ಸಲ 1.00 ಓವರ್‌ಸೈಜಿಗೆ ಹೋದ್ರೆ ಪವರ್ ಜಾಸ್ತಿ ಆಗುತ್ತಾ?
— ಮಂಡ್ಯ

ಉತ್ತರ: 50 ಮಿಮೀ ಬೋರು 51 ಆದ್ರೆ 98 ಸಿಸಿ ಇದ್ದದ್ದು 102 ಸಿಸಿ ಆಗುತ್ತೆ, ಓಡಿಸೋವಾಗ ನಿಮಗೆ ಗೊತ್ತೂ ಆಗಲ್ಲ. ಅಷ್ಟಕ್ಕೋಸ್ಕರ 0.25, 0.50, 0.75 ಅಂತ ಮೂರು ಸಲ ಬೋರ್ ಮಾಡಿಸೋ ಅವಕಾಶನ ಒಂದೇ ದಿನ ಲೇತಲ್ಲಿ ಪುಡಿ ಮಾಡಿ ಬಿಸಾಕ್ತೀರಿ. ಗೆರೆ ಹೋಗೋಕೆ ಎಷ್ಟು ಚಿಕ್ಕ ಸೈಜ್ ಸಾಕೋ ಅಷ್ಟಕ್ಕೇ ನಿಲ್ಲಿಸಿ. 1.00 ಮುಗಿದ ಮೇಲೆ ಉಳಿಯೋ ದಾರಿ ಹೊಸ ಸ್ಲೀವ್ (ಬ್ಲಾಕ್ ಒಳಗಿನ ಕಬ್ಬಿಣದ ಕೊಳವೆ) ಹಾಕ್ಸೋದೊಂದೇ.

ಪ್ರಶ್ನೆ: ಕೆಟಿಎಂ ಡ್ಯೂಕ್ 200 ಬ್ಲಾಕಿಗೂ ಇದೇ ಥರ ಬೋರ್ ಮಾಡ್ಸಿ ಓವರ್‌ಸೈಜ್ ಪಿಸ್ಟನ್ ಹಾಕ್ಬೋದಾ?
— ಬೆಳಗಾವಿ

ಉತ್ತರ: ಇಲ್ಲ. ಅದ್ರ ಒಳಗೆ ಕಬ್ಬಿಣದ ಸ್ಲೀವ್ ಇಲ್ಲ, ಅಲ್ಯೂಮಿನಿಯಂ ಮೇಲೆ ನಿಕಾಸಿಲ್ ಅನ್ನೋ ತುಂಬ ಗಟ್ಟಿಯಾದ ತೆಳು ಲೇಪ ಇದೆ, ಬೋರ್ ಮಾಡಿದ್ರೆ ಆ ಲೇಪ ಹೋಗಿ ಮೆತ್ತನೆ ಅಲ್ಯೂಮಿನಿಯಂ ಉಳಿಯುತ್ತೆ, ರಿಂಗ್ ಅದನ್ನ ಕೂಡ್ಲೇ ತಿಂದು ಹಾಕುತ್ತೆ. ಲೇಪದ ಮೇಲೆ ಉಗುರಿಗೆ ಸಿಗೋ ಗೆರೆ ಇಲ್ಲ ಅಂದ್ರೆ ಬ್ಲಾಕ್ ಉಳಿಸ್ಕೊಂಡು ಸ್ಟ್ಯಾಂಡರ್ಡ್ ಸೈಜಿನ ಪಿಸ್ಟನ್ ರಿಂಗ್ ಮಾತ್ರ ಹಾಕಿ, ಗೆರೆ ಸಿಕ್ರೆ ಬ್ಲಾಕ್ ಪಿಸ್ಟನ್ ಜೋಡಿಯಾಗಿ ಹೊಸದು ತಗೊಳ್ಳೋದೇ ಕಡಿಮೆ ಖರ್ಚಿನ ದಾರಿ.